ಪದ್ಮಿನಿಗೆ ಡಿಸ್ಕ್ ಬ್ರೇಕ್ ಹಾಕಿಸುವುದಾದರೆ ಪೂರ್ತಿ ಹಾಕಿಸಿ

ಪುಣೆಯಲ್ಲಿ ಕನ್ನಡಿಗರ ಯಾವ ಕಾರ್ಯಕ್ರಮಕ್ಕೆ ಹೋದರೂ ಊಟದ ಸಾಲಿನಲ್ಲಿ ಯಾರಾದರೊಬ್ಬರು ನನ್ನನ್ನು ಬದಿಗೆ ಕರೆದು ಒಂದು ಪ್ರಶ್ನೆ ಕೇಳುತ್ತಾರೆ. ನಾನು ಚಾಕಣದ ಕಾರ್ಖಾನೆಯೊಂದರಲ್ಲಿ ಬ್ರೇಕ್ ವಿಭಾಗದ ಎಂಜಿನಿಯರ್ ಎಂಬುದು ಹೇಗೋ ಎಲ್ಲರಿಗೂ ಗೊತ್ತಾಗಿಬಿಟ್ಟಿದೆ. “ಧಾರವಾಡದಾಗ ಅಪ್ಪಾರ ಪದ್ಮಿನಿ ನಿಂತೈತ್ರಿ. ರೆಡಿ ಮಾಡಿಸಿ ಇಲ್ಲಿಗೆ ತರಬೇಕು ಅಂತ ಮಾಡೇವಿ. ಬ್ರೇಕಿಂದ ಒಂದ ಹೆದರಿಕಿ. ಡಿಸ್ಕ್ ಹಾಕಿಸಿಬಿಡ್ಲೇನ್ರಿ?” ಕೈಯಲ್ಲಿ ತಟ್ಟೆ ಹಿಡಿದು ನಿಂತು ಉತ್ತರ ಕೊಡುವಷ್ಟು ಚಿಕ್ಕ ಪ್ರಶ್ನೆ ಇದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಾಕಿಸಬಹುದು, ತಪ್ಪೇನಿಲ್ಲ. ಆದರೆ ಈಗ ಊರೂರಿನ ಗ್ಯಾರೇಜುಗಳಲ್ಲಿ ‘ಡಿಸ್ಕ್ ಕನ್ವರ್ಷನ್’ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಅರ್ಧಂಬರ್ಧ ಕೆಲಸ, ಚೆನ್ನಾಗಿ ರಿಪೇರಿಯಾದ ಹಳೆಯ ಡ್ರಮ್ ಬ್ರೇಕಿಗಿಂತ ಹೆಚ್ಚು ಅಪಾಯಕಾರಿ. ಇನ್ನೊಂದು ಮಾತು. ಡಿಸ್ಕ್ ಬೇಕು ಎನ್ನುವವರಲ್ಲಿ ಬಹಳಷ್ಟು ಜನರಿಗೆ ನಿಜವಾಗಿ ಬೇಕಿರುವುದು ಸರಿಯಾಗಿ ಕೆಲಸ ಮಾಡುವ ಡ್ರಮ್. ಹಾಗೆ ಕೆಲಸ ಮಾಡುವ ಡ್ರಮ್ಮನ್ನು ಅವರು ನೋಡಿಯೇ ಇಲ್ಲ, ಅಷ್ಟೇ.

ಈ ಪ್ರಶ್ನೆ ಇತ್ತೀಚೆಗೆ ಹೆಚ್ಚಾಗಿದ್ದಕ್ಕೆ ಕಾರಣವಿದೆ. ಮುಂಬೈ ರಸ್ತೆಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರ್ ಕೊನೆಗೆ ಮುಗಿಯಿತು. ಆ ಮಾದರಿಯ ಕೊನೆಯ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾಗಿದ್ದು 2003ರ ಅಕ್ಟೋಬರಿನಲ್ಲಿ. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇದ್ದುದರಿಂದ ಅಲ್ಲಿಗೆ ಲೆಕ್ಕ ಚುಕ್ತಾ. ಆ ಸುದ್ದಿ ಓದಿದ ಮೇಲೆ ಬಹಳ ಮಂದಿಗೆ ಊರಿನ ಮನೆಯ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ನಿಂತ ಗಾಡಿಯ ನೆನಪಾಯಿತು. ಅಪ್ಪ ತೀರಿಕೊಂಡಿರುತ್ತಾರೆ, ಮನೆ ಮಾರುವ ಮಾತು ನಡೆದಿರುತ್ತದೆ, ಗಾಡಿಯನ್ನು ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ. ಆಮೇಲೆ ಮಗ ಪುಣೆಯಿಂದಲೋ ಹೈದರಾಬಾದಿನಿಂದಲೋ ರಜೆ ಹಾಕಿ ಹೋಗಿ ಹೊಸ ಬ್ಯಾಟರಿ ಹಾಕಿಸುತ್ತಾನೆ. ಎಂಜಿನ್ ಶುರುವಾಗುತ್ತದೆ. ಬ್ರೇಕ್ ಒತ್ತಿದರೆ ಪೆಡಲ್ ನೆಲ ಮುಟ್ಟುತ್ತದೆ.

ಇಲ್ಲಿಂದ ಎರಡು ದಾರಿ. ‘ಅಸಲಿ ಗಾಡಿ ಹಾಳುಮಾಡಬೇಡಿ’ ಎನ್ನುವ ವಿಂಟೇಜ್ ಪ್ರೇಮಿಗಳದ್ದು ಒಂದು. ‘ಡ್ರಮ್ಮಾ? ಬಿಸಾಕ್ರಿ ಅದನ್ನ’ ಎನ್ನುವ ಗ್ಯಾರೇಜಿನವರದ್ದು ಇನ್ನೊಂದು. ಎರಡೂ ನನಗೆ ಒಪ್ಪಿಗೆಯಿಲ್ಲ.

ಮೊದಲು ಅಸಲಿತನದ ಮಾತು. ನಮ್ಮ ಪದ್ಮಿನಿ ಅಂದರೆ ಇಟಲಿಯ ಫಿಯಟ್ 1100ಡಿ. ಮುಂಬೈ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಅದನ್ನು 1964ರಿಂದ ‘ಫಿಯಟ್ 1100 ಡಿಲೈಟ್’ ಎಂದು ತಯಾರಿಸಿತು. ಆಮೇಲೆ ಅದೇ ಗಾಡಿ ‘ಪ್ರೆಸಿಡೆಂಟ್’ ಆಯಿತು, 1974ರಲ್ಲಿ ‘ಪದ್ಮಿನಿ’ ಆಯಿತು. ಇಟಲಿಯಲ್ಲಿ ಏನಾಯಿತು ಗೊತ್ತೇ? 1966ರಲ್ಲಿ ಫಿಯಟ್ ಈ ಮಾದರಿಯ ಮುಂದಿನ ಪೀಳಿಗೆಯಾಗಿ 1100ಆರ್ ತಂದಿತು. ಅದರ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇತ್ತು. ಅಂದರೆ ಈ ಗಾಡಿಯನ್ನು ಹೆತ್ತವರೇ ಎರಡೇ ವರ್ಷದಲ್ಲಿ ‘ಮುಂದಕ್ಕೆ ಡ್ರಮ್ ಸಾಕಾಗುವುದಿಲ್ಲ’ ಎಂದು ತೀರ್ಮಾನಿಸಿದ್ದರು. ನಾವು ಮಾತ್ರ ಲೈಸೆನ್ಸ್ ರಾಜ್ ಕಾಲದಲ್ಲಿ ಬುಕ್ ಮಾಡಿ ವರ್ಷಗಟ್ಟಲೆ ಕಾದು ಅದೇ ಹಳೆಯ ವಿನ್ಯಾಸವನ್ನು ಕೊಳ್ಳುತ್ತ ಹೋದೆವು. ಸ್ಪರ್ಧೆ ಇಲ್ಲದ ಕಡೆ ಬ್ರೇಕ್ ಸುಧಾರಿಸುವ ತುರ್ತು ಯಾರಿಗಿರುತ್ತದೆ? ಹಾಗಾಗಿ ಪದ್ಮಿನಿಯ ಮುಂಚಕ್ರಕ್ಕೆ ಡಿಸ್ಕ್ ಹಾಕಿದರೆ ಇತಿಹಾಸಕ್ಕೆ ದ್ರೋಹವಾಯಿತು ಎಂಬ ವಾದ ನನಗೆ ರುಚಿಸುವುದಿಲ್ಲ. ಡಿಸ್ಕ್ ಹೊಸದೂ ಅಲ್ಲ. ಇಂಗ್ಲೆಂಡಿನ ಲ್ಯಾಂಚೆಸ್ಟರ್ ಅದರ ಪೇಟೆಂಟ್ ಪಡೆದದ್ದು 1902ರಲ್ಲಿ. 1953ರ ಲ ಮಾನ್ 24 ಗಂಟೆಗಳ ರೇಸನ್ನು ಗೆದ್ದ ಜಾಗ್ವಾರ್ ಸಿ-ಟೈಪ್‌ಗೆ ನಾಲ್ಕೂ ಚಕ್ರಕ್ಕೆ ಡನ್‌ಲಪ್ ಡಿಸ್ಕ್ ಇದ್ದವು.

ಇನ್ನು ಡ್ರಮ್ ಎಂದರೆ ಕಸ ಎನ್ನುವವರ ಮಾತು. ಇಂದು ನಿಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಇಳಿದು ನೋಡಿ. ಅಲ್ಲಿರುವ ಸಣ್ಣ ಕಾರುಗಳಲ್ಲಿ ಬಹುಪಾಲಿನ ಹಿಂಚಕ್ರಕ್ಕೆ ಇರುವುದು ಡ್ರಮ್ಮೇ. ಫೋಕ್ಸ್‌ವ್ಯಾಗನ್ ತನ್ನ ಐಡಿ.3, ಐಡಿ.4 ಎಲೆಕ್ಟ್ರಿಕ್ ಕಾರುಗಳ ಹಿಂಚಕ್ರಕ್ಕೆ ಬೇಕೆಂದೇ ಡ್ರಮ್ ಹಾಕಿದೆ. ಎಲೆಕ್ಟ್ರಿಕ್ ಗಾಡಿಯಲ್ಲಿ ಮೋಟಾರೇ ಅರ್ಧ ಬ್ರೇಕ್ ಹಿಡಿಯುವುದರಿಂದ ಹಿಂದಿನ ಬ್ರೇಕಿಗೆ ಕೆಲಸ ಕಡಿಮೆ, ತೆರೆದ ಡಿಸ್ಕ್ ಆದರೆ ತುಕ್ಕು ಹಿಡಿಯುತ್ತದೆ ಎಂಬ ಲೆಕ್ಕ. ಡ್ರಮ್ಮಿಗೆ ಇನ್ನೊಂದು ಗುಣವೂ ಇದೆ. ಒಳಗಿನ ಎರಡು ಶೂಗಳಲ್ಲಿ ಮುಂದಿನದು ತಿರುಗುವ ಡ್ರಮ್ಮಿಗೆ ತಾಗುತ್ತಲೇ ಡ್ರಮ್ಮೇ ಅದನ್ನು ಎಳೆದು ಇನ್ನಷ್ಟು ಗಟ್ಟಿಯಾಗಿ ಒತ್ತಿಕೊಳ್ಳುತ್ತದೆ. ಕಾಲಿನ ಬಲ ಸ್ವಲ್ಪ, ಹಿಡಿತ ಜಾಸ್ತಿ. ಬೂಸ್ಟರ್ ಇಲ್ಲದ ಗಾಡಿಯನ್ನು ನಮ್ಮ ಅಪ್ಪಂದಿರು ಚಪ್ಪಲಿ ಕಾಲಲ್ಲಿ ನಿಲ್ಲಿಸುತ್ತಿದ್ದುದು ಇದೇ ಗುಣದಿಂದ. ಡಿಸ್ಕಿಗೆ ಈ ಸ್ವಯಂ-ಎಳೆತ ಇಲ್ಲ. ಅದಕ್ಕೆ ಹೆಚ್ಚು ಒತ್ತಡ ಬೇಕು. ಇದೊಂದು ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಡ್ರಮ್ ಸೋಲುವುದು ಎಲ್ಲಿ? ಮುಖ್ಯವಾಗಿ ಎರಡು ಕಡೆ: ಬಿಸಿ ಮತ್ತು ನೀರು.

ಬಿಸಿಯ ಲೆಕ್ಕ ಸ್ವಲ್ಪ ನೋಡೋಣ. ಪದ್ಮಿನಿಯ ತೂಕ ಸುಮಾರು 900 ಕೆಜಿ. ಮೂರು ಜನ, ಸಾಮಾನು ಸೇರಿ 1,100 ಕೆಜಿ ಎನ್ನಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಈ ಗಾಡಿಯನ್ನು ಒಮ್ಮೆ ನಿಲ್ಲಿಸಿದರೆ ಸುಮಾರು 270 ಕಿಲೋಜೂಲ್ ಶಕ್ತಿ ಬ್ರೇಕಿನಲ್ಲಿ ಬಿಸಿಯಾಗಿ ಬದಲಾಗುತ್ತದೆ. ಲೋಣಾವಳದಿಂದ ಖೋಪೋಲಿಗೆ ಬೋರ್ ಘಾಟ್ ಇಳಿಯುವಾಗ ನಾವು ಸುಮಾರು 550 ಮೀಟರ್ ಎತ್ತರ ಕಳೆದುಕೊಳ್ಳುತ್ತೇವೆ. ಆ ಇಳುಕಲನ್ನು ಬರೀ ಬ್ರೇಕಿನ ಮೇಲೆ ಇಳಿದರೆ 80ರ ವೇಗದಿಂದ ಇಪ್ಪತ್ತಕ್ಕೂ ಹೆಚ್ಚು ಸಲ ಗಾಡಿ ನಿಲ್ಲಿಸಿದಷ್ಟು ಬಿಸಿ. ಅಷ್ಟೂ ಬಿಸಿ ಮುಚ್ಚಿದ ಕಬ್ಬಿಣದ ಡಬ್ಬಿಯೊಳಗೆ. ಡ್ರಮ್ ಬಿಸಿಗೆ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಕೆಳಕ್ಕೆ ಹೋಗುತ್ತದೆ. ಲೈನಿಂಗ್ ಅತಿಯಾಗಿ ಕಾದರೆ ಹಿಡಿತ ಬಿಡುತ್ತದೆ. ಚಾಲಕ ಹೆದರಿ ಇನ್ನೂ ಜೋರಾಗಿ ಒತ್ತುತ್ತಾನೆ, ಇನ್ನೂ ಬಿಸಿಯಾಗುತ್ತದೆ. ಡಿಸ್ಕ್ ಆದರೆ ಗಾಳಿಗೆ ತೆರೆದಿರುತ್ತದೆ, ಬೇಗ ತಣಿಯುತ್ತದೆ. ಕಾದು ಹಿಗ್ಗಿದರೂ ಪ್ಯಾಡಿನ ಕಡೆಗೇ ಹಿಗ್ಗುತ್ತದೆ.

ನಮ್ಮ ಅಪ್ಪಂದಿರು ಇದನ್ನು ಸೂತ್ರ ಕಲಿತು ತಿಳಿದವರಲ್ಲ. ಆದರೆ ಘಾಟು ಬಂತೆಂದರೆ ಸ್ಟಿಯರಿಂಗ್ ಪಕ್ಕದ ಗೇರ್ ಕಡ್ಡಿಯನ್ನು ಎರಡಕ್ಕೆ ಎಳೆದು, ಎಂಜಿನ್ ಗೊರ ಗೊರ ಎನ್ನುತ್ತಿದ್ದಂತೆ ಇಳಿಯುತ್ತಿದ್ದರು. ಏರಿದ ಗೇರಿನಲ್ಲೇ ಇಳಿಯಬೇಕು ಎಂಬುದು ಅವರ ಕಾನೂನು. ಈಗ ಆ ಅಭ್ಯಾಸ ತಪ್ಪಿದೆ. ಬೆಂಗಳೂರು ಕಡೆಯಿಂದ ಪುಣೆಗೆ ಬರುವವರಿಗೆ ಕಾತ್ರಜ್ ಸುರಂಗ ದಾಟಿದ ಮೇಲೆ ನವಲೆ ಸೇತುವೆಯ ತನಕದ ಇಳಿಜಾರು ಗೊತ್ತಿರುತ್ತದೆ. ಅಲ್ಲಿ ಲಾರಿಗಳು ಬ್ರೇಕ್ ಕಳೆದುಕೊಂಡು ಮುಂದಿನ ಗಾಡಿಗಳ ಮೇಲೆ ನುಗ್ಗಿದ ಸುದ್ದಿ ಮತ್ತೆ ಮತ್ತೆ ಬರುತ್ತದೆ. 2022ರ ನವೆಂಬರಿನಲ್ಲಂತೂ ಒಂದೇ ಭಾರೀ ವಾಹನದಿಂದ ಹತ್ತಾರು ಗಾಡಿ ಜಖಂ ಆದವು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಚಾಳಿಯನ್ನು ಪೊಲೀಸರೇ ಹಲವು ಸಲ ಬೆಟ್ಟು ಮಾಡಿದ್ದಾರೆ. ಆ ಇಳಿಜಾರಿನಲ್ಲಿ ನಿಮ್ಮ ಪದ್ಮಿನಿಗೆ ಯಾವ ಬ್ರೇಕ್ ಇದ್ದರೂ ನ್ಯೂಟ್ರಲ್ ಬೇಡ.

ನೀರಿನ ವಿಷಯ ಮುಂಬೈಯವರಿಗೆ ವಿವರಿಸಬೇಕಿಲ್ಲ. ಮೊಣಕಾಲುದ್ದದ ಮಳೆನೀರಿನಲ್ಲಿ ಗಾಡಿ ಹಾಯಿಸಿದರೆ ಡ್ರಮ್ಮಿನೊಳಗೆ ನೀರು ಸೇರುತ್ತದೆ. ಆಮೇಲೆ ಮೊದಲ ಒಂದೆರಡು ಸಲ ಬ್ರೇಕ್ ಹಿಡಿಯುವುದೇ ಇಲ್ಲ, ಅಥವಾ ಒಂದೇ ಬದಿ ಹಿಡಿದು ಗಾಡಿ ಎಳೆಯುತ್ತದೆ. ಪೆಡಲನ್ನು ಮೆಲ್ಲಗೆ ಒತ್ತಿಹಿಡಿದು ಸ್ವಲ್ಪ ದೂರ ಓಡಿಸಿ ಒಣಗಿಸಬೇಕು. ಡಿಸ್ಕ್ ತಿರುಗುತ್ತಲೇ ನೀರನ್ನು ಎರಚಿಬಿಡುತ್ತದೆ.

ಇಷ್ಟಾದರೂ ಒಂದು ಭ್ರಮೆಯನ್ನು ಬಿಡಿಸಬೇಕು. ಡಿಸ್ಕ್ ಹಾಕಿದ ಮಾತ್ರಕ್ಕೆ ಗಾಡಿ ಅರ್ಧ ದೂರದಲ್ಲಿ ನಿಲ್ಲುವುದಿಲ್ಲ. ಗಾಡಿಯನ್ನು ಕೊನೆಗೆ ನಿಲ್ಲಿಸುವುದು ಟೈರು. ಒಳ್ಳೆಯ ಸ್ಥಿತಿಯ ಡ್ರಮ್ ಬ್ರೇಕ್ ಒಣ ರಸ್ತೆಯಲ್ಲಿ 60ರ ವೇಗದಲ್ಲಿ ಚಕ್ರಗಳನ್ನು ಲಾಕ್ ಮಾಡಿ ಕಿರುಚಿಸಬಲ್ಲದು. ಅಷ್ಟು ಹಿಡಿತ ಆಗಲೇ ಇದೆ ಎಂದಾದರೆ ಡಿಸ್ಕ್ ಅದಕ್ಕೆ ಏನನ್ನು ಸೇರಿಸುತ್ತದೆ? ಮೊದಲ ಬ್ರೇಕಿನಲ್ಲಿ ಏನೂ ಇಲ್ಲ. ಐದನೆಯದರಲ್ಲಿ, ಹತ್ತನೆಯದರಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ವರ್ಷಗಟ್ಟಲೆ ನಿಂತು ಕಲ್ಲಾದ ಟೈರುಗಳ ಮೇಲೆ ಡಿಸ್ಕ್ ಹಾಕಿಸುವವರನ್ನು ನೋಡಿದರೆ ನನಗೆ ಅಯ್ಯೋ ಎನಿಸುತ್ತದೆ. ಹಿತ್ತಾಳೆ ಬೀಗ ಹಾಕಿ ಕದ ತೆರೆದಿಟ್ಟಂತೆ.

ಹಾಗಾಗಿ ನನ್ನನ್ನು ಕೇಳಿದವರಿಗೆ ಮೊದಲು ಹೇಳುವುದು ಇದ್ದ ಡ್ರಮ್ಮನ್ನು ಸರಿ ಮಾಡಿಸಿ ಎಂದು. ನಾಲ್ಕೂ ವೀಲ್ ಸಿಲಿಂಡರ್ ಬಿಚ್ಚಿಸಿ, ರಬ್ಬರ್ ಕಪ್ಪುಗಳನ್ನು ಬದಲಿಸಿ. ತುಕ್ಕು ತಿಂದ ಸಿಲಿಂಡರಿಗೆ ಹೊಸ ಕಪ್ ಹಾಕಿ ಪ್ರಯೋಜನವಿಲ್ಲ, ಸಿಲಿಂಡರನ್ನೇ ಬದಲಿಸಿ. ಚಾಸಿಗೂ ಚಕ್ರಕ್ಕೂ ನಡುವಿನ ರಬ್ಬರ್ ಹೋಸುಗಳನ್ನು ಮುಲಾಜಿಲ್ಲದೆ ಎಸೆಯಿರಿ. ಹೊರಗಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ಮುಚ್ಚಿರುತ್ತವೆ, ಬ್ರೇಕ್ ಬಿಟ್ಟ ಮೇಲೂ ಒಂದು ಚಕ್ರ ಹಿಡಿದೇ ಇರಲು ಅದೇ ಕಾರಣ. ಡ್ರಮ್ಮುಗಳನ್ನು ಲೇತಿಗೆ ಕೊಟ್ಟು ಓವಲ್ ತೆಗೆಸಿ. ಆದರೆ ಎಡ-ಬಲ ಎರಡಕ್ಕೂ ಒಂದೇ ಅಳತೆ ಇರಲಿ, ಡ್ರಮ್ಮಿನ ಮಿತಿ ಮೀರಿ ಕೊರೆಸಬೇಡಿ. ಕೊರೆಸಿದ ಮೇಲೆ ಡ್ರಮ್ಮಿನ ಸುತ್ತಳತೆ ಬದಲಾಗಿರುತ್ತದೆ. ಶೂಗಳು ಅದಕ್ಕೆ ಪೂರ್ತಿ ತಾಗುವಂತೆ ಉಜ್ಜಿ ಕೂರಿಸಬಲ್ಲ ಮಿಸ್ತ್ರಿ ಬೇಕು. ಇದು ಬೇಜಾರಿನ ಕೆಲಸ. ಪುಣೆಯ ಹಳೆಯ ಪೇಟೆಗಳಲ್ಲಿ, ಹುಬ್ಬಳ್ಳಿಯಲ್ಲಿ, ಕೊಲ್ಹಾಪುರದಲ್ಲಿ ಇದನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಲೈನಿಂಗಿಗೆ ರಿವಿಟ್ ಹೊಡೆದು, ಸೀಮೆಸುಣ್ಣ ಸವರಿ, ಶೂ ಎಲ್ಲಿ ತಾಗುತ್ತಿದೆ ಎಂದು ನೋಡುತ್ತಾರೆ. ಅವರ ಮಕ್ಕಳು ಈ ಕೆಲಸಕ್ಕೆ ಬಂದಿಲ್ಲ. ಬಹಳ ಗ್ಯಾರೇಜುಗಳು ‘ಡಿಸ್ಕೇ ಹಾಕ್ಸಿ’ ಎನ್ನುವುದು ಡ್ರಮ್ ಕೆಟ್ಟದ್ದೆಂದಲ್ಲ, ಅದನ್ನು ಸರಿ ಮಾಡುವ ಕೈ ಅವರಲ್ಲಿಲ್ಲವೆಂದು.

ಆ ಮಿಸ್ತ್ರಿಗಳ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ ಬಿಚ್ಚಿದ ಕೂಡಲೇ ಏರ್ ಪೈಪ್ ಹಿಡಿದು ಬುಸ್ ಎಂದು ಧೂಳು ಊದುವುದು ನಮ್ಮ ಗ್ಯಾರೇಜುಗಳ ಪದ್ಧತಿ. ಆ ಬೂದುಬಣ್ಣದ ಧೂಳು ಶ್ವಾಸಕೋಶಕ್ಕೆ ಹೋದರೆ ರೋಗ ಕಾಣಿಸುವುದು ಹತ್ತಾರು ವರ್ಷಗಳ ನಂತರ. ಭಾರತದಲ್ಲಿ ಆಸ್ಬೆಸ್ಟಾಸ್ ಬಳಕೆಗೆ ಇನ್ನೂ ಪೂರ್ತಿ ನಿಷೇಧವಿಲ್ಲ. ನಿಮ್ಮ ಗಾಡಿ ಬಿಚ್ಚುವ ದಿನ ನೀವೇ ನಿಂತು, ನೀರು ಹಾಕಿ ಒದ್ದೆ ಮಾಡಿ ಒರೆಸುವಂತೆ ಹೇಳಿ. ಆ ಬಟ್ಟೆಯನ್ನು ಕಟ್ಟಿ ಎಸೆಯಲಿ. ಪಕ್ಕದಲ್ಲಿ ಹದಿನೆಂಟರ ಹುಡುಗ ಸ್ಪ್ಯಾನರ್ ಹಿಡಿದು ಕೂತಿರುತ್ತಾನೆ, ಅವನಿಗೆ ಮಾಸ್ಕ್ ಕೊಡಿಸಿ. ಹೊಸ ಲೈನಿಂಗ್ ಕೊಳ್ಳುವಾಗ ಆಸ್ಬೆಸ್ಟಾಸ್ ಇಲ್ಲದ್ದನ್ನೇ ಕೇಳಿ.

ಇಷ್ಟು ಮಾಡಿಸಿದ ಗಾಡಿ ಭಾನುವಾರ ಬೆಳಿಗ್ಗೆ ಊರೊಳಗೆ ಒಂದು ಸುತ್ತು, ಹಬ್ಬಕ್ಕೆ ದೇವಸ್ಥಾನ, ವರ್ಷಕ್ಕೊಂದು ರ‍್ಯಾಲಿ, ಇಷ್ಟಕ್ಕೆ ಧಾರಾಳ ಸಾಕು. ಆದರೆ ನೀವು ಅದನ್ನು ಹೆದ್ದಾರಿಯಲ್ಲಿ ಓಡಿಸುವವರಾದರೆ, ಧಾರವಾಡದಿಂದ ಪುಣೆಗೆ ನಾಲ್ಕುನೂರು ಕಿಲೋಮೀಟರ್ ಮಕ್ಕಳನ್ನು ಕೂರಿಸಿಕೊಂಡು ಬರುವವರಾದರೆ, ಲೆಕ್ಕ ಬೇರೆ. 2019ರ ಏಪ್ರಿಲಿನಿಂದ ನಮ್ಮಲ್ಲಿ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಮುಂದಿನ ಕಾರಿನವನು ಗಕ್ಕನೆ ನಿಲ್ಲುತ್ತಾನೆ. ಹಿಂದೆ ಬರುವ ನಿಮಗೆ ಅವನ ಎಬಿಎಸ್ ಇಲ್ಲ, ಅಗಲ ಟೈರಿಲ್ಲ. 1970ರಲ್ಲಿ ಈ ಗಾಡಿ ಓಡಿದ ರಸ್ತೆಯೇ ಈಗ ಇಲ್ಲ. ಇಂಥವರು ಮುಂಚಕ್ರಕ್ಕೆ ಡಿಸ್ಕ್ ಹಾಕಿಸಲೇಬೇಕು ಎಂಬುದು ನನ್ನ ಸಲಹೆ.

ಆದರೆ ಪೂರ್ತಿ. ಇಲ್ಲೇ ಎಲ್ಲರೂ ಎಡವುವುದು.

ಸಾಮಾನ್ಯವಾಗಿ ನಡೆಯುವುದು ಹೀಗೆ. ಕುರ್ಲಾದ ಗುಜರಿ ಗಲ್ಲಿಯಿಂದ (ಪದ್ಮಿನಿ ಹುಟ್ಟಿದ ಊರಿನಲ್ಲೇ!) ಯಾವುದೋ ಸಣ್ಣ ಕಾರಿನ ಡಿಸ್ಕ್ ಮತ್ತು ಕ್ಯಾಲಿಪರ್ ಬರುತ್ತದೆ. ಪದ್ಮಿನಿಯ ಆಕ್ಸಲ್ ತುದಿಗೆ ಅದು ನೇರ ಕೂರುವುದಿಲ್ಲವಾದ್ದರಿಂದ ನಡುವೆ ಒಂದು ಬ್ರಾಕೆಟ್ ಬೇಕು. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪ್ಲೇಟ್ ಕತ್ತರಿಸಿ, ತೂತು ಕೊರೆದು, ವೆಲ್ಡ್ ಮಾಡಿ ಕೂರಿಸುತ್ತಾರೆ. ಕ್ಯಾಲಿಪರಿಗೆ ಕೆಂಪು ಬಣ್ಣ ಬಳಿಯುತ್ತಾರೆ. ಆ ಬಣ್ಣಕ್ಕೆ ಮಾತ್ರ ಬಹಳ ಶ್ರದ್ಧೆ.

ಆ ಬ್ರಾಕೆಟ್ ಮೇಲೆ ಎಷ್ಟು ಬಲ ಬೀಳುತ್ತದೆ ಎಂದು ಯಾರೂ ಲೆಕ್ಕ ಹಾಕಿರುವುದಿಲ್ಲ. ನಾನು ಹಾಕಿ ತೋರಿಸುತ್ತೇನೆ. ತುಂಬಿದ ಗಾಡಿ 1,200 ಕೆಜಿ. ತುರ್ತಾಗಿ ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲಿ ನಿಲ್ಲಿಸುವ ಕೆಲಸದ ಸುಮಾರು ಶೇ 70 ಮುಂಚಕ್ರಗಳದ್ದಾಗುತ್ತದೆ. ಒಂದೊಂದು ಮುಂಚಕ್ರದ ಟೈರು ರಸ್ತೆಯನ್ನು ಸುಮಾರು 300 ಕೆಜಿ ಬಲದಿಂದ ಹಿಡಿದಿರುತ್ತದೆ. ಆ ಟೈರಿನ ತ್ರಿಜ್ಯ ಸುಮಾರು 29 ಸೆಂಟಿಮೀಟರ್. ಕ್ಯಾಲಿಪರ್ ಡಿಸ್ಕನ್ನು ಹಿಡಿಯುವುದು ನಡುವಿನಿಂದ ಬರೀ 10 ಸೆಂಟಿಮೀಟರ್ ದೂರದಲ್ಲಿ. ಅಲ್ಲಿಗೆ ಆ ಬ್ರಾಕೆಟ್ಟನ್ನು ಕಿತ್ತೊಯ್ಯಲು ನೋಡುವ ಬಲ 800 ಕೆಜಿಗೂ ಮೇಲೆ. ವೆಲ್ಡ್ ಬಿಟ್ಟರೆ ಕ್ಯಾಲಿಪರ್ ಚಕ್ರದ ಜೊತೆ ತಿರುಗಿ ರಿಮ್ಮಿಗೆ ಸಿಕ್ಕಿಕೊಳ್ಳುತ್ತದೆ. ಅದು ಆಗುವುದು ನಿಧಾನವಾಗಿ ನಿಲ್ಲಿಸುವಾಗ ಅಲ್ಲ, ಜೀವ ಉಳಿಸಿಕೊಳ್ಳಲು ಜೋರಾಗಿ ಒತ್ತಿದಾಗ.

ಕಳೆದ ಮಳೆಗಾಲದಲ್ಲಿ ಪರಿಚಯದವರೊಬ್ಬರು ತಮ್ಮ ಗಾಡಿಯನ್ನು ‘ಸುಮ್ಮನೆ ಒಂದ್ಸಲ ನೋಡ್ರಿ’ ಎಂದು ತಂದಿದ್ದರು. ಎಲ್ಲಿ ಮಾಡಿಸಿದ್ದು ಎಂಬ ಹೆಸರು ಇಲ್ಲಿ ಬೇಡ. ಬಲಗಡೆಯ ಬ್ರಾಕೆಟ್ಟಿನ ವೆಲ್ಡ್ ಅಂಚಿನಲ್ಲಿ ಕೂದಲೆಳೆಯ ಬಿರುಕು ಅರ್ಧದಷ್ಟು ಓಡಿತ್ತು. ಅವರು ಅದೇ ಗಾಡಿಯಲ್ಲಿ ಹಿಂದಿನ ವಾರ ಮಹಾಬಳೇಶ್ವರಕ್ಕೆ ಹೋಗಿ ಬಂದಿದ್ದರು, ತಾಯಿಯನ್ನು ಕೂರಿಸಿಕೊಂಡು. ಬ್ರಾಕೆಟ್ ಎಂದರೆ ಒಂದೇ ದಪ್ಪ ಉಕ್ಕಿನ ತುಂಡಿನಿಂದ ಮಿಲ್ಲಿಂಗ್ ಮಾಡಿದ್ದಾಗಿರಬೇಕು. ವೆಲ್ಡ್ ಬೇಡವೇ ಬೇಡ. ಬೋಲ್ಟಿನ ತಲೆಯ ಮೇಲೆ 10.9 ಎಂಬ ಗುರುತು ಇರಬೇಕು, ಟಾರ್ಕ್ ವ್ರೆಂಚಿನಿಂದ ಬಿಗಿಯಬೇಕು. ಪಿಂಪ್ರಿ-ಚಿಂಚವಾಡದಲ್ಲಿ ಇದನ್ನು ಮಾಡಿಕೊಡುವ ಮಷಿನ್ ಶಾಪುಗಳಿಗೇನೂ ಬರವಿಲ್ಲ. ಬೆಂಗಳೂರಿನ ಪೀಣ್ಯದಲ್ಲೂ ಇಲ್ಲ.

ಎರಡನೆಯದು ಮಾಸ್ಟರ್ ಸಿಲಿಂಡರ್. ಕ್ಯಾಲಿಪರಿನ ಪಿಸ್ಟನ್ ದೊಡ್ಡದು, ಅದಕ್ಕೆ ಬೇಕಾದ ಬ್ರೇಕ್ ಆಯಿಲ್ ಜಾಸ್ತಿ. ಹಳೆಯ ಸಿಲಿಂಡರನ್ನೇ ಉಳಿಸಿಕೊಂಡರೆ ಪೆಡಲ್ ಆಳಕ್ಕೆ ಹೋಗುತ್ತದೆ. ಜೊತೆಗೆ ಡ್ರಮ್ ಕಾಲದ ಮಾಸ್ಟರ್ ಸಿಲಿಂಡರುಗಳಲ್ಲಿ ಸಾಮಾನ್ಯವಾಗಿ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ಒಂದು ಸಣ್ಣ ವಾಲ್ವ್ ಇರುತ್ತದೆ. ಡ್ರಮ್ಮಿಗೆ ಅದು ಬೇಕು. ಡಿಸ್ಕಿಗೆ ಅದೇ ಒತ್ತಡ ಉಳಿದರೆ ಪ್ಯಾಡ್ ಸದಾ ಉಜ್ಜುತ್ತಿರುತ್ತದೆ. ಹತ್ತು ಕಿಲೋಮೀಟರ್ ಹೋಗಿ ಚಕ್ರ ಮುಟ್ಟಿದರೆ ಕೈ ಸುಡುತ್ತದೆ, ಮಿಸ್ತ್ರಿ ‘ಹೊಸದಲ್ವಾ, ಸೆಟ್ ಆಗ್ತದೆ’ ಎನ್ನುತ್ತಾನೆ. ಸೆಟ್ ಆಗುವುದಿಲ್ಲ. ಇನ್ನೂ ಮುಖ್ಯವಾದದ್ದು, ಹಳೆಯ ಗಾಡಿಗಳಲ್ಲಿ ಬಹಳಷ್ಟಕ್ಕೆ ನಾಲ್ಕೂ ಚಕ್ರಕ್ಕೆ ಒಂದೇ ಸರ್ಕ್ಯೂಟ್. ಒಂದು ಹೋಸ್ ಒಡೆದರೆ ನಾಲ್ಕೂ ಬ್ರೇಕ್ ಹೋದಂತೆ. ಮುಂದಕ್ಕೊಂದು ಹಿಂದಕ್ಕೊಂದು ಎಂದು ಬೇರೆ ಮಾಡುವ ಟ್ಯಾಂಡೆಮ್ ಮಾಸ್ಟರ್ ಸಿಲಿಂಡರ್ ಹಾಕಿಸಿ. ನನ್ನನ್ನು ಕೇಳಿದರೆ, ಡಿಸ್ಕಿಗಿಂತ ಹೆಚ್ಚು ಜೀವ ಉಳಿಸುವುದು ಇದು. ಡ್ರಮ್ಮನ್ನೇ ಇಟ್ಟುಕೊಳ್ಳುವವರೂ ಇದನ್ನೊಂದು ಮಾಡಿಸಬೇಕು. ಕಣ್ಣಿಗೆ ಕಾಣದ ಭಾಗವಾದ್ದರಿಂದ ಯಾರಿಗೂ ಆಸಕ್ತಿಯಿಲ್ಲ, ಕೆಂಪು ಬಣ್ಣ ಬಳಿಯಲು ಜಾಗವೂ ಇಲ್ಲ.

ಮೂರನೆಯದು ಬೂಸ್ಟರ್. ಡಿಸ್ಕಿಗೆ ಸ್ವಯಂ-ಎಳೆತ ಇಲ್ಲ ಎಂದು ಆಗಲೇ ಹೇಳಿದೆನಲ್ಲ, ಅದರ ಫಲ ಇಲ್ಲಿ. ಬೂಸ್ಟರ್ ಇಲ್ಲದೆ ಡಿಸ್ಕ್ ಹಾಕಿದರೆ ಪೆಡಲ್ ಕಲ್ಲಿನಂತಾಗುತ್ತದೆ. ಗಟ್ಟಿಮುಟ್ಟಾದ ಮಗ ಹೇಗೋ ಒತ್ತುತ್ತಾನೆ, ಅರವತ್ತೈದರ ಕಾಕಾ ಓಡಿಸಿದರೆ ನಿಲ್ಲುವುದಿಲ್ಲ. ಬೂಸ್ಟರ್ ಇಂಜಿನ್ನಿನ ಎಳೆತದಿಂದ ಕೆಲಸ ಮಾಡುವುದರಿಂದ ಎಂಜಿನ್ನೂ ಒಳ್ಳೆಯ ಸ್ಥಿತಿಯಲ್ಲಿರಬೇಕು.

ನಾಲ್ಕನೆಯದನ್ನು ಬಹುತೇಕ ಯಾರೂ ಮಾಡುವುದಿಲ್ಲ: ಮುಂದೆ-ಹಿಂದಿನ ಸಮತೋಲ. ಹಿಂದೆ ಡ್ರಮ್ ಉಳಿಸಿಕೊಳ್ಳುವುದು ಸರಿ, ಹ್ಯಾಂಡ್ ಬ್ರೇಕಿಗೂ ಅದೇ ಅನುಕೂಲ. ಆದರೆ ಈಗ ಮುಂದಿನ ಡಿಸ್ಕಿಗಾಗಿ ಲೈನಿನ ಒತ್ತಡ ಹೆಚ್ಚಿಸಿದ್ದೇವೆ. ಅದೇ ಒತ್ತಡ ಹಿಂದಿನ ಡ್ರಮ್ಮಿಗೂ ಹೋಗುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಹಿಂದಿನ ಭಾರ ಮುಂದಕ್ಕೆ ಹೋಗಿ ಹಿಂಚಕ್ರಗಳು ಹಗುರಾಗಿರುತ್ತವೆ. ಅವು ಮೊದಲು ಲಾಕ್ ಆದರೆ ಗಾಡಿಯ ಹಿಂಭಾಗ ಮುಂದಕ್ಕೆ ಬರಲು ನೋಡುತ್ತದೆ. ಮುಂಚಕ್ರ ಲಾಕ್ ಆದರೆ ಗಾಡಿ ನೇರ ಹೋಗುತ್ತದೆ, ಪೆಡಲ್ ಸ್ವಲ್ಪ ಬಿಟ್ಟರೆ ಮತ್ತೆ ಸ್ಟಿಯರಿಂಗ್ ಕೇಳುತ್ತದೆ. ಹಿಂಚಕ್ರ ಲಾಕ್ ಆದರೆ ಬೊಗರಿ. ಮಳೆಯಲ್ಲಿ ಇನ್ನೂ ಬೇಗ. ಇದನ್ನು ತಡೆಯಲು ಹಿಂದಿನ ಲೈನಿನಲ್ಲಿ ಒತ್ತಡ ತಗ್ಗಿಸುವ ಪ್ರಪೋರ್ಷನಿಂಗ್ ವಾಲ್ವ್ ಹಾಕಿ, ಖಾಲಿ ಮೈದಾನದಲ್ಲಿ ಓಡಿಸಿ ಹೊಂದಿಸಬೇಕು. ಮುಂದಿನ ಚಕ್ರ ಮೊದಲು ಲಾಕ್ ಆಗುವ ತನಕ ಗಾಡಿಯನ್ನು ಗ್ಯಾರೇಜಿನಿಂದ ಒಯ್ಯಬೇಡಿ.

ಬ್ರೇಕ್ ಆಯಿಲ್ ಡಾಟ್ 4 ಇರಲಿ. ಅದರ ಕುದಿಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ, ತೇವ ಹೀರಿದ ಮೇಲೆ 155. ಹಳೆಯ ಡಾಟ್ 3ಕ್ಕೆ ಈ ಅಂಕಿ 205 ಮತ್ತು 140. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಈಗ ಕಾನೂನಿನ ಮಾತು, ಚಿಕ್ಕದಾಗಿ. ತಯಾರಕರು ಕೊಟ್ಟ, ಆರ್‌ಸಿಯಲ್ಲಿ ನಮೂದಾದ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಬ್ರೇಕಿನ ಬಗೆ ಆರ್‌ಸಿಯಲ್ಲಿ ಇರುವುದಿಲ್ಲ ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಆದರೆ ವಿಮೆ ಕಂಪನಿಗೆ ಬರವಣಿಗೆಯಲ್ಲಿ ತಿಳಿಸದೆ ಬದಲಾವಣೆ ಮಾಡಿದರೆ ಅಪಘಾತದ ದಿನ ಅವರು ಹುಡುಕುವುದು ಇಂಥದ್ದನ್ನೇ. 50 ವರ್ಷ ದಾಟಿದ ಗಾಡಿಗಳಿಗೆ 2021ರ ಜುಲೈಯಿಂದ ವಿಂಟೇಜ್ ನೋಂದಣಿ ಇದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ‘ವಿಎ’ ಅಕ್ಷರದ ನಂಬರ್. ಆ ನಿಯಮ ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು ಎನ್ನುತ್ತದೆ. ಆದರೆ ದಿನನಿತ್ಯದ ಓಡಾಟಕ್ಕೆ ಆ ನೋಂದಣಿ ಅಲ್ಲ, ಪ್ರದರ್ಶನ, ರ‍್ಯಾಲಿಗಳಿಗೆ. 1974ರ ಮೊದಲ ಪದ್ಮಿನಿಗಳಿಗೆ ಆಗಲೇ ಐವತ್ತು ತುಂಬಿದೆ. (ದೆಹಲಿಯಲ್ಲಿರುವ ಕನ್ನಡಿಗರೇ, 15 ವರ್ಷ ದಾಟಿದ ಪೆಟ್ರೋಲ್ ಗಾಡಿಯನ್ನು ಅಲ್ಲಿಗೆ ಒಯ್ಯುವ ಮುನ್ನ ನಿಮ್ಮ ಕಥೆ ಬೇರೆಯೇ ಇದೆ, ಬ್ರೇಕ್ ಆಮೇಲೆ ನೋಡೋಣ.)

ನನ್ನ ತಕರಾರು ಇರುವುದು ಇಲ್ಲಿ. ಸಿಎನ್‌ಜಿ ಕಿಟ್ ಹಾಕಿಸಿದರೆ ಮಂಜೂರಾದ ಕಿಟ್ಟೇ ಆಗಿರಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಹಳೆಯ ಕಾರನ್ನು ಎಲೆಕ್ಟ್ರಿಕ್ ಮಾಡುವ ಕಿಟ್ಟಿಗೂ ಪರೀಕ್ಷೆ ಇದೆ. ಗಾಡಿ ಓಡಿಸುವ ಬದಲಾವಣೆಗೆ ಇಷ್ಟು ಕಟ್ಟುನಿಟ್ಟು. ಗಾಡಿ ನಿಲ್ಲಿಸುವ ಬದಲಾವಣೆ ಮಾತ್ರ ವೆಲ್ಡಿಂಗ್ ಅಂಗಡಿಯವನ ಕೈಯಲ್ಲಿ. ಪೂರ್ತಿ ಬೇಡವೆಂದರೆ ಜನ ಕದ್ದು ಮಾಡಿಸುತ್ತಾರೆ, ಆಗ ಯಾರೂ ಪರೀಕ್ಷಿಸುವುದಿಲ್ಲ. ಅದರ ಬದಲು ಒಂದು ದಾರಿ ತೆರೆದಿಡಲಿ. ಈಗ ಊರೂರಲ್ಲಿ ಆರಂಭವಾಗುತ್ತಿರುವ ಸ್ವಯಂಚಾಲಿತ ಫಿಟ್‌ನೆಸ್ ಕೇಂದ್ರಗಳಲ್ಲಿ ರೋಲರ್ ಬ್ರೇಕ್ ಟೆಸ್ಟರ್ ಇರುತ್ತದೆ. ಚಕ್ರಗಳನ್ನು ಉರುಳೆಯ ಮೇಲೆ ನಿಲ್ಲಿಸಿ ಬ್ರೇಕ್ ಒತ್ತಿದರೆ ಎಡಕ್ಕೆಷ್ಟು, ಬಲಕ್ಕೆಷ್ಟು, ಹಿಂದಕ್ಕೆಷ್ಟು ಎಂದು ಅಂಕಿ ಬರುತ್ತದೆ. ಡಿಸ್ಕ್ ಹಾಕಿಸಿದ ಹಳೆಯ ಕಾರು ಅಲ್ಲಿ ಪಾಸಾಗಬೇಕು, ಬ್ರಾಕೆಟ್ಟನ್ನು ಎಂಜಿನಿಯರ್ ಒಬ್ಬರು ನೋಡಿ ಸಹಿ ಹಾಕಬೇಕು, ಶುಲ್ಕ ಕಟ್ಟಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಇಷ್ಟೇ. 15 ವರ್ಷದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಲು ಹೇಗೂ ಗಾಡಿ ತೋರಿಸಲೇಬೇಕಲ್ಲ. ಆಟೊಮೊಟಿವ್ ರಿಸರ್ಚ್ ಅಸೋಸಿಯೇಷನ್ ಇಲ್ಲೇ ಪುಣೆಯ ಗುಡ್ಡದ ಮೇಲಿದೆ. ಇದಕ್ಕೊಂದು ಎರಡು ಪುಟದ ಮಾನದಂಡ ಬರೆಯುವುದು ಅಲ್ಲಿಯವರಿಗೆ ದೊಡ್ಡ ಕೆಲಸವೇನಲ್ಲ.

ಅಲ್ಲಿಯ ತನಕ ಆ ಪರೀಕ್ಷೆಯನ್ನು ನೀವೇ ಮಾಡಿಸಿ. ರೋಲರ್ ಟೆಸ್ಟರ್ ಇರುವ ದೊಡ್ಡ ವರ್ಕ್‌ಶಾಪುಗಳು ಪುಣೆ, ಚೆನ್ನೈ, ಹೈದರಾಬಾದ್‌ಗಳಲ್ಲಿವೆ. ಒಂದು ಬೆಳಿಗ್ಗೆಯ ಕೆಲಸ. ಅಂಕಿಗಳ ಚೀಟಿಯನ್ನು ಆರ್‌ಸಿ ಜೊತೆ ಇಟ್ಟುಕೊಳ್ಳಿ.

ಕೊನೆಗೆ, ಕಳಚಿದ ಡ್ರಮ್ಮುಗಳು. ಗ್ಯಾರೇಜಿನವನು ‘ಇದನ್ನೇನ್ ಮಾಡ್ತೀರಿ, ಬಿಡ್ರಿ’ ಎಂದು ಗುಜರಿ ತೂಕಕ್ಕೆ ಕೇಳುತ್ತಾನೆ. ಕೊಡಬೇಡಿ. ಡ್ರಮ್, ಬ್ಯಾಕ್ ಪ್ಲೇಟ್, ಶೂ, ಸ್ಪ್ರಿಂಗ್, ವೀಲ್ ಸಿಲಿಂಡರ್, ಹಳೆಯ ಮಾಸ್ಟರ್ ಸಿಲಿಂಡರ್, ಒಂದೂ ಬಿಡದೆ ಎಡ-ಬಲ ಎಂದು ಬರೆದು, ಎಣ್ಣೆ ಸವರಿ, ಗೋಣಿಚೀಲದಲ್ಲಿ ಕಟ್ಟಿ ಮನೆಗೆ ಒಯ್ಯಿರಿ. ಆಕ್ಸಲ್ ಮೇಲೆ ಎಲ್ಲೂ ಹೊಸ ತೂತು ಕೊರೆಯದೆ, ಇದ್ದ ತೂತುಗಳಿಗೇ ಬ್ರಾಕೆಟ್ ಬೋಲ್ಟ್ ಮಾಡಿದ್ದರೆ ಯಾವತ್ತಾದರೂ ಮತ್ತೆ ಹಳೆಯದನ್ನೇ ಕೂರಿಸಬಹುದು. ಐವತ್ತು ತುಂಬಿದ ದಿನ ವಿಂಟೇಜ್ ನೋಂದಣಿಗೆ ಹೋಗಬೇಕೆನಿಸಿದರೆ, ಅಥವಾ ನಿಮ್ಮ ಮಗಳು ‘ಅಜ್ಜನ ಗಾಡಿ ಹೇಗಿತ್ತೋ ಹಾಗೇ ಬೇಕು’ ಎಂದರೆ, ಸಾಮಾನು ಅಟ್ಟದ ಮೇಲಿರುತ್ತದೆ. ಶೂಗಳನ್ನು ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಡಿ, ಆ ಧೂಳು ಮನೆಯೊಳಗೆ ಬೇಡ.